ಬ್ರೆಡ್ಡಿನ ಬೂಷ್ಟು, ತಾತನ ಕಣ್ಣು

ಒದ್ದೆ ಮಾಡಿದ ಬ್ರೆಡ್ಡಿನ ಚೂರನ್ನು ಮುಚ್ಚಿಟ್ಟು ನಾಲ್ಕೈದು ದಿನ ಬಿಟ್ಟು ನೋಡಿ. ಹತ್ತಿಯಂಥ ಬೂಷ್ಟು ಬೆಳೆದಿರುತ್ತದೆ. ಶಿಲೀಂಧ್ರಗಳ ಪಾಠ ಮಾಡುವಾಗ ನಾನು ಇದನ್ನು ತರಗತಿಯಲ್ಲಿ ತೋರಿಸುವುದುಂಟು. ಒಮ್ಮೆ ಸಿರುಗುಪ್ಪ ಕಡೆಯ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮ ತಾತನ ಕಣ್ಣು ತೆಗೆದದ್ದು ಇದೇ ಬೂಷ್ಟಿನಿಂದಾನಾ?" ಎಂದು ಕೇಳಿದ.

ಅವನ ಪ್ರಶ್ನೆಯಲ್ಲಿ ಅರ್ಥವಿತ್ತು. ಬ್ರೆಡ್ಡಿನ ಬೂಷ್ಟು ರೈಜೋಪಸ್ ಕುಲಕ್ಕೆ ಸೇರಿದ್ದು. 2021ರಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಬಂದ 'ಕಪ್ಪು ಶಿಲೀಂಧ್ರ' ರೋಗಕ್ಕೆ, ಅಂದರೆ ಮ್ಯೂಕರ್‌ಮೈಕೋಸಿಸ್‌ಗೆ, ಬಹುಮಟ್ಟಿಗೆ ಕಾರಣವಾದದ್ದೂ ಇದೇ ಕುಲದ ಶಿಲೀಂಧ್ರ. ಆ ವರ್ಷದ ಜುಲೈ ವೇಳೆಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಮಂದಿಗೆ ಅದು ತಗುಲಿತ್ತು. 4,300ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು. ರೋಗಿಗಳಲ್ಲಿ ಹೆಚ್ಚಿನವರು ಮಧುಮೇಹಿಗಳು.

ಈ ಶಿಲೀಂಧ್ರದ ಬೀಜಕಗಳು ಎಲ್ಲೆಲ್ಲೂ ಇವೆ. ಸಿರುಗುಪ್ಪದ ನೆನೆದ ಭತ್ತದ ಹುಲ್ಲಿನಲ್ಲಿ, ಕುರುಗೋಡಿನ ತಿಪ್ಪೆಯಲ್ಲಿ, ಬಳ್ಳಾರಿಯ ಬೀದಿ ಧೂಳಿನಲ್ಲಿ ಇರುವ ಇವನ್ನು ನಾವು ದಿನವೂ ಉಸಿರಾಡುತ್ತೇವೆ. ಆರೋಗ್ಯವಂತರಲ್ಲಿ ರಕ್ತದ ಬಿಳಿ ಕಣಗಳು ಇವನ್ನು ಕೊಂದುಹಾಕುತ್ತವೆ. ರಕ್ತದಲ್ಲಿ ಸಕ್ಕರೆ ಬಹಳ ಕಾಲ ಹೆಚ್ಚಿದ್ದರೆ ಈ ಕಾವಲುಗಾರರು ಮಂಕಾಗುತ್ತಾರೆ. ಸಕ್ಕರೆ ಮಿತಿಮೀರಿ ರಕ್ತ ಆಮ್ಲೀಯವಾದರೆ, ಪ್ರೋಟೀನಿಗೆ ಅಂಟಿಕೊಂಡಿದ್ದ ಕಬ್ಬಿಣದ ಅಂಶ ಬಿಡುಗಡೆಯಾಗುತ್ತದೆ. ಶಿಲೀಂಧ್ರಕ್ಕೆ ಅದೇ ಹಬ್ಬದೂಟ. 2021ರಲ್ಲಿ ಕೋವಿಡ್‌ಗೆ ಕೊಟ್ಟ ಸ್ಟೀರಾಯ್ಡ್ ಔಷಧಿಗಳು ಅನೇಕರ ಸಕ್ಕರೆಯನ್ನು ಇನ್ನಷ್ಟು ಏರಿಸಿದ್ದವು.

ಮೂಗಿನೊಳಗೆ ಬೇರೂರಿದ ಶಿಲೀಂಧ್ರ ರಕ್ತನಾಳಗಳಿಗೆ ನುಗ್ಗಿ ರಕ್ತ ಹೆಪ್ಪುಗಟ್ಟಿಸುತ್ತದೆ. ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತದೆ. ಕಪ್ಪು ಎಂಬ ಹೆಸರು ಬಂದದ್ದು ಇದರಿಂದ. ಅಲ್ಲಿಂದ ಅದು ಕಣ್ಣಿಗೆ, ಮಿದುಳಿಗೆ ಹಬ್ಬಬಹುದು. ಆದರೆ ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ.

ಆ ಹುಡುಗನ ತಾತನಿಗೆ ಮೊದಲು ಬಂದದ್ದು ಒಂದು ಬದಿಯ ಹಲ್ಲುನೋವು. ನೋವಿನ ಮಾತ್ರೆಯಲ್ಲಿ ಒಂದು ವಾರ ಕಳೆಯಿತು. ರೆಪ್ಪೆ ಜೋತುಬಿದ್ದಾಗ ದೊಡ್ಡಾಸ್ಪತ್ರೆಗೆ ಹೋದರು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ.

ಆದ್ದರಿಂದ ಪೋಷಕರು ಈ ಲಕ್ಷಣಗಳನ್ನು ನೆನಪಿಡಬೇಕು: ಮುಖದ ಒಂದೇ ಬದಿಯಲ್ಲಿ ನೋವು, ಊತ ಅಥವಾ ಮರಗಟ್ಟುವಿಕೆ; ಮೂಗು ಕಟ್ಟಿ ಕಪ್ಪು ಅಥವಾ ರಕ್ತಮಿಶ್ರಿತ ಸಿಂಬಳ; ಅಂಗುಳಿನಲ್ಲಿ ಕಪ್ಪು ಕಲೆ; ಹಲ್ಲು ಸಡಿಲವಾಗುವುದು; ಒಂದು ವಸ್ತು ಎರಡಾಗಿ ಕಾಣುವುದು. ಸಕ್ಕರೆ ಕಾಯಿಲೆಯವರಲ್ಲಿ ಇವು ಕಂಡರೆ ನಾಳೆ ನೋಡೋಣ ಎನ್ನಬಾರದು. ಸಿರುಗುಪ್ಪ, ಕುರುಗೋಡಿನವರು ಅಂದೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಲಿ. ಅವರು ಹೇಳಿದರೆ ತಡಮಾಡದೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ (ಹಿಂದಿನ ವಿಮ್ಸ್) ಬರಲಿ. ಸತ್ತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಆಂಫೊಟೆರಿಸಿನ್-ಬಿ ಚುಚ್ಚುಮದ್ದು ಕೊಟ್ಟು, ಸಕ್ಕರೆಯನ್ನು ಹತೋಟಿಗೆ ತರುತ್ತಾರೆ. ಬೇಗ ಹೋದಷ್ಟೂ ಉಳಿಯುವುದು ಹೆಚ್ಚು.

ಭಯಪಡಬೇಕಿಲ್ಲ, ಇದು ಅಪರೂಪದ ರೋಗ. ಇನ್ಸುಲಿನ್, ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ನುಂಗಬಾರದು. ನೆನೆದ ಹುಲ್ಲು, ಗೊಬ್ಬರ ಕೆದಕುವಾಗ ಮೂಗು-ಬಾಯಿಗೆ ಮಾಸ್ಕ್ ಇರಲಿ.

ಮಕ್ಕಳೇ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯ ತಾತನೋ ಅಜ್ಜಿಯೋ ಇರಬಹುದು. ಕೊನೆಯ ಸಲ ಸಕ್ಕರೆ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಇಂದು ಸಂಜೆಯೇ ಕೇಳಿ. ಉತ್ತರ ನೆನಪಾಗದಿದ್ದರೆ ನಾಳೆ ಬೆಳಿಗ್ಗೆ ಜೊತೆಯಲ್ಲಿ ನೀವೇ ಹೋಗಿ.