ಅಪಕರ್ಷಿತ ಉಲ್ಕಾಶಿಲೆಗಳು

ರಸಾಯನಶಾಸ್ತ್ರದಲ್ಲಿ ಅಪಕರ್ಷವೆಂಬುದು ಹೀನತೆಯಲ್ಲ. ಆಮ್ಲಜನಕದ ಸಂಬಂಧವು ತಪ್ಪಿದ ಅವಸ್ಥೆ. ಆಲಂಕಾರಿಕರ ಅರ್ಥವನ್ನೇ ಹಿಡಿದು ಹೊರಟರೆ ಈ ಶಿಲೆಗಳ ವಿಭಾಗಕ್ರಮವು ತಿಳಿಯದು.

೧೮೫೨ನೆಯ ಡಿಸೆಂಬರ್ ೨ರಂದು ಉತ್ತರಪ್ರದೇಶದ ಬಸ್ತಿಯ ಬಳಿ ಒಂದು ಕಲ್ಲು ಆಕಾಶದಿಂದ ಬಿದ್ದಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಸ್ಟೋರಿ ಮ್ಯಾಸ್ಕೆಲಿನ್ನರು ಅದನ್ನು ಪರೀಕ್ಷಿಸಿ, ಅದರೊಳಗಿನ ಕಂದುಬಣ್ಣದ ಸಣ್ಣ ಗೋಲಗಳು ಕ್ಯಾಲ್ಸಿಯಂ ಮತ್ತು ಗಂಧಕಗಳ ಸಂಯೋಗವೆಂದು ಕಂಡುಕೊಂಡರು. ಭಾರತದ ಭೂವಿಜ್ಞಾನ ಸರ್ವೇಕ್ಷಣದ ಮುಖ್ಯಸ್ಥರಾಗಿದ್ದ ಥಾಮಸ್ ಓಲ್ಡಮ್ಮರ ನೆನಪಿಗಾಗಿ ಈ ಖನಿಜಕ್ಕೆ ಓಲ್ಡಮೈಟ್ ಎಂದು ಹೆಸರಾಯಿತು. ಭೂಮಿಯ ಶಿಲೆಗಳಲ್ಲಿ ಕ್ಯಾಲ್ಸಿಯಂ ಬಹುಮಟ್ಟಿಗೆ ಆಮ್ಲಜನಕವನ್ನು ಕೂಡಿಯೇ ಇರುವುದು. ಸುಣ್ಣಗಲ್ಲೇ ಇದಕ್ಕೆ ನಿದರ್ಶನ. ಇಲ್ಲಿಯಾದರೋ ಆಮ್ಲಜನಕವು ಸಾಲದೆ ಅದು ಗಂಧಕವನ್ನು ಆಶ್ರಯಿಸಿದೆ. ಆದರೆ ಓಲ್ಡಮೈಟು ತೇವವನ್ನು ಸಹಿಸದು. ಬಿದ್ದ ಕಲ್ಲನ್ನು ಬೇಗನೆ ಎತ್ತಿ ಒಣಗಿದೆಡೆಯಲ್ಲಿ ಇರಿಸದಿದ್ದರೆ ಸಾಕ್ಷಿಯೇ ಅಳಿದುಹೋಗುವುದು.

ಈ ಶಿಲೆಗಳ ಪ್ರಧಾನ ಖನಿಜ ಎನ್‌ಸ್ಟಟೈಟ್. ಬೆಂಕಿಗೆ ಸುಲಭವಾಗಿ ಕರಗದುದರಿಂದ ಕೆನ್‌ಗಾಟ್ ಎಂಬ ವಿದ್ವಾಂಸರು ೧೮೫೫ರಲ್ಲಿ ‘ಎದುರಾಳಿ’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಈ ಹೆಸರನ್ನು ರಚಿಸಿದರು. ನಾಮಕರಣವು ಅನ್ವರ್ಥವೇ ಸರಿ. ಇದರಲ್ಲಿ ಕಬ್ಬಿಣವು ಅತ್ಯಲ್ಪ. ಅದು ಲೋಹವಾಗಿಯೋ ಗಂಧಕದೊಡನೆಯೋ ಬೇರೆಯೇ ನಿಲ್ಲುವುದು. ಸಿಲಿಕಾನ್ ಸಹ ಸ್ವಲ್ಪಮಟ್ಟಿಗೆ ಲೋಹದಲ್ಲಿ ಸೇರಿರುವುದು.

ಕಾಂಡ್ರೂಲ್ ಎಂಬ ಗುಂಡುಕಣಗಳುಳ್ಳವು ಎನ್‌ಸ್ಟಟೈಟ್ ಕಾಂಡ್ರೈಟುಗಳು. ಇವುಗಳಲ್ಲಿ ಕಬ್ಬಿಣ ಹೆಚ್ಚಾದುದು ಇ.ಎಚ್., ಕಡಮೆಯಾದುದು ಇ.ಎಲ್.; ಮೊದಲನೆಯದರಲ್ಲಿ ಮೆಗ್ನೀಷಿಯಂ ಪ್ರಧಾನವಾದ ನಿನಿಂಜರೈಟೂ ಎರಡನೆಯದರಲ್ಲಿ ಮ್ಯಾಂಗನೀಸ್ ಪ್ರಧಾನವಾದ ಅಲಬಾಂಡೈಟೂ ಗುರುತುಗಳು. ಒಮ್ಮೆ ಕರಗಿ ಆ ಕಣಗಳನ್ನು ಕಳೆದುಕೊಂಡವು ಆಬ್ರೈಟುಗಳು. ೧೮೩೬ರಲ್ಲಿ ಫ್ರಾನ್ಸಿನ ಓಬ್ರ್ ಎಂಬಲ್ಲಿ ಬಿದ್ದ ಕಲ್ಲಿನಿಂದ ಬಂದ ಹೆಸರಿದು. ಬಸ್ತಿಯ ಕಲ್ಲು ಈ ವರ್ಗದ್ದು. ೨೦೨೨ನೆಯ ಆಗಸ್ಟ್ ೧೭ರಂದು ಗುಜರಾತಿನ ದಿಯೋದರದಲ್ಲಿ ಬಿದ್ದುದೂ ಇದೇ ವರ್ಗದ್ದು.