ಅಟ್ಟದ ಮೇಲಿನ ಕಾವಲಿ ನಿಜವಾಗ್ಲೂ ‘ಆಂಟಿಕ್’ ಆ? ಕೊಳ್ಳೋ ಮುಂಚೆ, ಗುಜರಿಗೆ ಹಾಕೋ ಮುಂಚೆ ನೋಡಬೇಕಾದ್ದು

ಕೇಳೋಕೆ ಪುರುಸೊತ್ತಿಲ್ಲ, ಬಸ್ಸಲ್ಲಿ ಓದ್ಕೊತೀನಿ ಅನ್ನೋರಿಗೆ ಈ ವಾರದ ಎಪಿಸೋಡಿನ ಬರಹ ಇಲ್ಲಿದೆ.

ಇನ್‌ಸ್ಟಾಗ್ರಾಂ ತೆಗೆದ್ರೆ ಈಗ ಒಂದು ಹೊಸ ವ್ಯಾಪಾರ ಕಾಣುತ್ತೆ. ‘ನೂರೈವತ್ತು ವರ್ಷದ ದೋಸೆ ಕಾವಲಿ’, ‘ಅಜ್ಜಿ ಕಾಲದ ಪಡ್ಡು ಕಾವಲಿ, ಒಂದೇ ಪೀಸ್ ಇರೋದು’. ಬೆಲೆ ಸಾವಿರಗಳಲ್ಲಿ. ಅದೇ ಹೊತ್ತಿಗೆ ಮುಳ್ಳೂರು, ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಅಂಥದ್ದೇ ಕಾವಲಿ ಗುಜರಿಯವರ ತಕ್ಕಡಿಗೆ ಬೀಳುತ್ತೆ. ಲೆಕ್ಕಕ್ಕೆ ಕೆಜಿಗೆ 30 ರೂಪಾಯಿ ಅಂದ್ಕೊಳ್ಳಿ: ಮೂರು ಕೆಜಿ ಕಾವಲಿಗೆ 90 ರೂಪಾಯಿ. ಒಂದು ಕಡೆ 90, ಇನ್ನೊಂದು ಕಡೆ ಸಾವಿರಗಳು. ನಾನು ಬಿಕಾಂ ಓದಿದವನು. ಇಷ್ಟು ದೊಡ್ಡ ವ್ಯತ್ಯಾಸ ಕಂಡ್ರೆ ಮೊದಲು ಕೇಳೋ ಪ್ರಶ್ನೆ ಒಂದೇ: ಈ ಹೆಚ್ಚಿನ ದುಡ್ಡು ಯಾವುದಕ್ಕೆ? ವಯಸ್ಸಿಗಾ? ಹಾಗಾದ್ರೆ ಆ ವಯಸ್ಸಿಗೆ ರುಜುವಾತು ಎಲ್ಲಿ?

ಮೊದಲು ಅದು ಬೀಡೇ ಹೌದಾ?

ಎರಕ ಹೊಯ್ದ ಕಬ್ಬಿಣಕ್ಕೆ ನಮ್ಮಲ್ಲಿ ‘ಬೀಡು’ ಅಂತಾರೆ. ಕಪ್ಪಗೆ ಭಾರವಾಗಿ ಇರೋದೆಲ್ಲ ಬೀಡಲ್ಲ. ಹಳೇ ಅಡುಗೆಮನೇಲಿ ಸಿಗೋ ಕಬ್ಬಿಣದಲ್ಲಿ ಮೂರು ಜಾತಿ.

ಒಂದು, ಬಡಿದ ಕಬ್ಬಿಣ. ಕುಲುಮೇಲಿ ಕಾಯಿಸಿ ಸುತ್ತಿಗೇಲಿ ಬಡಿದು ಮಾಡಿದ್ದು. ದಪ್ಪ ಒಂದೇ ಸಮ ಇರಲ್ಲ, ಅಂಚು ತೆಳ್ಳಗೆ, ಸುತ್ತಿಗೆ ಏಟಿನ ಗುರುತು ಬೆರಳಿಗೆ ಸಿಗುತ್ತೆ. ಹಿಡಿ ಇದ್ರೆ ಅದನ್ನ ರಿವಿಟ್ ಹೊಡೆದು ಕೂರಿಸಿರ್ತಾರೆ.

ಎರಡು, ಬೀಡು. ಕರಗಿದ ಕಬ್ಬಿಣನ ಮರಳಿನ ಅಚ್ಚಿಗೆ ಹೊಯ್ದದ್ದು. ದಪ್ಪವಾಗಿ ಭಾರವಾಗಿ ಇರುತ್ತೆ. ಹಿಡಿ, ಕಿವಿ ಎಲ್ಲ ಮೈಯ ಜೊತೆಗೇ ಒಂದಾಗಿ ಬಂದಿರುತ್ತೆ, ರಿವಿಟ್ ಇರಲ್ಲ. ಇದ್ರಲ್ಲಿ ಸುಮಾರು ನೂರಕ್ಕೆ 2ರಿಂದ 4ರಷ್ಟು ಇಂಗಾಲ ಇರೋದ್ರಿಂದ ಕೈತಪ್ಪಿ ಬಿದ್ರೆ ಬಾಗಲ್ಲ, ಒಡೆಯುತ್ತೆ.

ಮೂರು, ತಗಡು. ಮಿಲ್ಲಿಂದ ಬಂದ ಉಕ್ಕಿನ ಹಾಳೆ ಕತ್ತರಿಸಿ ಒತ್ತಿದ್ದು. ಎಲ್ಲ ಕಡೆ ಒಂದೇ ತೆಳು.

ಮ್ಯಾಗ್ನೆಟ್ ಇಟ್ಟು ‘ನೋಡಿ, ಅಂಟ್ಕೊಳ್ತು, ಅಸಲಿ’ ಅಂತ ವಿಡಿಯೋ ಮಾಡ್ತಾರೆ. ಮ್ಯಾಗ್ನೆಟ್ ಈ ಮೂರಕ್ಕೂ ಅಂಟುತ್ತೆ. ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂ ಹಿಡಿಯೋಕೆ ಮಾತ್ರ ಅದು ಉಪಯೋಗ.

‘ನೂರೈವತ್ತು ವರ್ಷ’ದ ಲೆಕ್ಕ

ನಮ್ಮ ಸೀಮೇಲಿ ಕಬ್ಬಿಣ ಹೊಸದಲ್ಲ. ಚಿಕ್ಕಲ್ಲೂರು ಜಾತ್ರೆಗೆ ಹೋದೋರಿಗೆ ಗೊತ್ತು, ನೀಲಗಾರರು ಹಾಡೋ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರ ಹತ್ರ ಕಬ್ಬಿಣದ ಭಿಕ್ಷೆಗೆ ಹೋಗೋ ದೊಡ್ಡ ಕಥೆಯೇ ಇದೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಇಲ್ಲಿ ಕಬ್ಬಿಣ ತೆಗೆಯೋ ಒಲೆಗಳ ಬಗ್ಗೆ ಬರೆದಿದ್ದಾನೆ.

ಆದ್ರೆ ಒಂದು ವಿಷಯ ಗಮನಿಸಿ. ಇದ್ದಿಲು ಹಾಕಿ ತಿದಿ ಊದೋ ಆ ಸಣ್ಣ ಒಲೆಗಳಲ್ಲಿ ಕಬ್ಬಿಣ ನೀರಾಗಿ ಹರೀತಿರಲಿಲ್ಲ. ಮೆತ್ತಗಾದ ಮುದ್ದೆ ಸಿಗ್ತಿತ್ತು, ಅದನ್ನ ಬಡಿದು ಬಡಿದು ಕಿಟ್ಟ ತೆಗೀತಿದ್ರು. ಅಚ್ಚಿಗೆ ಹೊಯ್ದು ಕಾವಲಿ ಮಾಡೋಕೆ ದೊಡ್ಡ ಊದುಕುಲುಮೆಯಲ್ಲಿ ಕರಗಿ ಬಂದ ಬೀಡು ಬೇಕು. ಅದು ದಕ್ಷಿಣಕ್ಕೆ ಬಂದದ್ದು ತಡವಾಗಿ. 1830ರ ದಶಕದಲ್ಲಿ ಜೋಶಿಯಾ ಮಾರ್ಷಲ್ ಹೀತ್ ಅನ್ನೋ ಇಂಗ್ಲಿಷಿನವನು ತಮಿಳುನಾಡಿನ ಕರಾವಳಿಯ ಪೋರ್ಟೋ ನೋವೋದಲ್ಲಿ, ಅಂದ್ರೆ ಈಗಿನ ಪರಂಗಿಪೇಟೆಯಲ್ಲಿ, ಸೇಲಂ ಅದಿರು ತರಿಸಿ ಕಾರ್ಖಾನೆ ನಡೆಸಿದ. ಅದು ಬಹಳ ಕಾಲ ನಿಲ್ಲಲಿಲ್ಲ. ಜಮ್ಶೆಡ್‌ಪುರದಲ್ಲಿ ಬೀಡು ಹರಿದದ್ದು 1911ರಲ್ಲಿ, ನಮ್ಮ ಭದ್ರಾವತಿಯಲ್ಲಿ 1923ರಲ್ಲಿ.

ಹಾಗಾಗಿ ಯಾರಾದ್ರೂ ‘ಇನ್ನೂರು ವರ್ಷದ ಬೀಡಿನ ಕಾವಲಿ, ನಮ್ಮೂರ ಕುಲುಮೇಲೇ ಮಾಡಿದ್ದು’ ಅಂದ್ರೆ ಅನುಮಾನ ಪಡಿ. ಅಷ್ಟು ಹಳೇದಾಗಿದ್ರೆ ಅದು ಬಡಿದ ಕಬ್ಬಿಣ ಆಗಿರೋ ಸಾಧ್ಯತೆಯೇ ಜಾಸ್ತಿ. ಬೀಡೇ ಆಗಿದ್ರೆ, ವಯಸ್ಸು ಅವರು ಹೇಳಿದ್ದಕ್ಕಿಂತ ಬಹಳ ಕಮ್ಮಿ ಇರಬಹುದು.

ಅಮೆರಿಕದ ವಿಡಿಯೋ ಇಲ್ಲಿ ನಡೆಯಲ್ಲ

ಯೂಟ್ಯೂಬಲ್ಲಿ ಸಿಗೋ ಗುರುತಿನ ಪಾಠ ಹೆಚ್ಚಾಗಿ ಅಮೆರಿಕದ್ದು. ಅಲ್ಲಿ ಗ್ರಿಸ್‌ವೋಲ್ಡ್ ಕಂಪನಿ 1865ರಿಂದ 1957ರ ತನಕ ಇತ್ತು, ಲಾಜ್ 1896ರಲ್ಲಿ ಶುರುವಾಗಿ ಇನ್ನೂ ಇದೆ. ತಳದಲ್ಲಿ ಕಂಪನಿ ಮುದ್ರೆ ಇರುತ್ತೆ, ಮುದ್ರೆ ಯಾವಾಗ ಬದಲಾಯ್ತು ಅಂತ ಗೊತ್ತಿದೆ, ಅದ್ರಿಂದ ವರ್ಷ ಹೇಳ್ಬಹುದು. ತಳದಲ್ಲಿ ಗಾಯದ ಗೆರೆ ಥರ, ಕಬ್ಬಿಣ ಹೊಯ್ದ ಬಾಯಿಯ ಗುರುತು ಕಂಡ್ರೆ ಅದು 19ನೇ ಶತಮಾನದ್ದು ಅಂತ ಅಲ್ಲಿಯವರು ಅಂದಾಜು ಮಾಡ್ತಾರೆ.

ನಮ್ಮಲ್ಲಿ ಸಣ್ಣ ಎರಕದ ಶೆಡ್‌ಗಳು ಇವತ್ತಿಗೂ ಮರಳಿನ ಅಚ್ಚಲ್ಲೇ ಹೊಯ್ಯೋದು. ಅಂಥ ಗೆರೆ ಹೋದ ತಿಂಗಳ ಕಾವಲಿ ಮೇಲೂ ಇರಬಹುದು. ಮುದ್ರೆಯಂತೂ ಬಹಳಷ್ಟರ ಮೇಲೆ ಇರೋದೇ ಇಲ್ಲ. ಅಂಗಡಿಯ ತೂಕದ ಬಟ್ಟಿಗೆ ಸರ್ಕಾರ ಮುದ್ರೆ ಕಡ್ಡಾಯ ಮಾಡ್ತು, ಕಾವಲಿಗೆ ಯಾರೂ ಮಾಡ್ಲಿಲ್ಲ.

ಕೈಯಲ್ಲಿ ಹಿಡಿದಾಗ ಏನು ನೋಡ್ಬೇಕು

ವಯಸ್ಸು ಸಾಬೀತಾಗದಿದ್ರೂ, ಬಳಕೆ ಗೊತ್ತಾಗುತ್ತೆ.

ಸವೆತ: ದಶಕಗಳ ಕಾಲ ದೋಸೆ ಮಗುಚಿದ ಕಾವಲಿ ನಡುವೆ ನುಣ್ಣಗೆ, ಅಂಚಿನ ಕಡೆ ಒರಟಾಗಿರುತ್ತೆ. ಹೊರಮೈಯಲ್ಲಿ ಸೌದೆ ಒಲೆಯ ಮಸಿ, ಎಣ್ಣೆ ಸೇರಿ ಪದರ ಪದರವಾಗಿ ಗಟ್ಟಿಯಾಗಿರುತ್ತೆ. ಒಳಗೆ, ಹೊರಗೆ, ಅಂಚಿಗೆ, ಎಲ್ಲ ಕಡೆ ಒಂದೇ ಥರ ಕಿತ್ತಳೆ ಬಣ್ಣದ ತುಕ್ಕು ಇದ್ರೆ, ಉಪ್ಪುನೀರು ಹಾಕಿ ‘ಹಳೇದು’ ಮಾಡಿರಬಹುದು.

ಸದ್ದು: ಒಂದು ಬೆರಳ ಮೇಲೆ ತೂಗುಹಾಕಿ ಮರದ ಸೌಟಲ್ಲಿ ತಟ್ಟಿ. ‘ಠಣ್’ ಅಂದ್ರೆ ಸರಿ. ‘ಠಪ್’ ಅಂತ ಸತ್ತ ಸದ್ದು ಬಂದ್ರೆ ಬಿರುಕು ಇರಬಹುದು, ಬೆಳಕಿಗೆ ಹಿಡಿದು ನೋಡಿ. ಬಿರುಕಿನ ಬೀಡು ಒಲೆ ಮೇಲೆ ಎರಡಾಗಬಹುದು.

ತಳ: ಸಮತಟ್ಟಾದ ಕಾವಲಿ ಆದ್ರೆ ಗಾಜಿನ ಮೇಲೆ ಇಡಿ. ಆಡಿದ್ರೆ ಸೊಟ್ಟಗಾಗಿದೆ. ಸೌದೆ ಒಲೆಗೆ ನಡೆಯುತ್ತೆ, ಇಂಡಕ್ಷನ್‌ಗೆ ಆಗಲ್ಲ.

ಸೀಸ: ಹಳೇ ಬಾಂಡ್ಲಿಗಳಲ್ಲಿ ಕೆಲವರು ಸೀಸ ಕರಗಿಸಿರ್ತಾರೆ, ಮೀನಿನ ಬಲೆಯ ಗುಂಡಿಗೋ ಇನ್ನೊಂದಕ್ಕೋ. ಸೀಸ ವಿಷ, ಮಕ್ಕಳಿಗಂತೂ ಬಹಳ ಕೆಟ್ಟದು. ಯಾರ ಮನೇದು ಅಂತ ಗೊತ್ತಿಲ್ಲದ ಬಾಂಡ್ಲಿ, ಒಳಗೆ ಬೂದು ಬಣ್ಣದ ಮೆತ್ತನೆ ಲೋಹ ಅಂಟಿದ್ರೆ, ಗೋಡೆಗೆ ನೇತುಹಾಕಿ. ಒಲೆ ಮೇಲೆ ಇಡಬೇಡಿ.

‘ಆಂಟಿಕ್’ ಅನ್ನೋ ಪದಕ್ಕೆ ಕಾನೂನಿದೆ

1972ರ ಪುರಾವಸ್ತು ಕಾಯ್ದೆ ಪ್ರಕಾರ, ಗತಕಾಲದ ಕಲೆ, ಕಸುಬು ತೋರಿಸೋ ಇಂಥ ವಸ್ತುಗಳು ಪುರಾವಸ್ತು ಅನ್ನಿಸ್ಕೊಳ್ಳೋಕೆ ಕನಿಷ್ಠ 100 ವರ್ಷ ಆಗಿರಬೇಕು. ಪುರಾವಸ್ತು ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನ ವಿದೇಶಕ್ಕೆ ಕಳಿಸೋ ಹಾಗಿಲ್ಲ. ಈಗ ಆ ಜಾಹೀರಾತು ಇನ್ನೊಂದ್ಸಲ ಓದಿ: ‘ನೂರೈವತ್ತು ವರ್ಷದ್ದು, ಫಾರಿನ್‌ಗೂ ಕಳಿಸ್ತೀವಿ.’ ‘ನಿಮ್ಮ ಪರವಾನಗಿ ಇದ್ಯಾ?’ ಅಂತ ಒಂದು ಮೆಸೇಜ್ ಹಾಕಿ. ಆಮೇಲೆ ವಯಸ್ಸು ಎಷ್ಟಕ್ಕೆ ಇಳಿಯುತ್ತೆ ನೋಡಿ.

ಕೊಳ್ಳೋದಾದ್ರೆ ಗಟ್ಟಿತನಕ್ಕೆ, ಸವೆತಕ್ಕೆ, ಪಳಗಿದ ಮೈಗೆ ದುಡ್ಡು ಕೊಡಿ. ರುಜುವಾತಿಲ್ಲದ ವಯಸ್ಸಿಗೆ ಕೊಡಬೇಡಿ.

ತುಕ್ಕು ಹಿಡಿದ್ರೆ ಮುಗೀತಾ? ಇಲ್ಲ

2018, 2019ರಲ್ಲಿ ಆದ ಹಾಗೆ ಕಾವೇರಿ ಉಕ್ಕಿದಾಗ ಮುಳ್ಳೂರು, ದಾಸನಪುರ, ಹಳೇ ಹಂಪಾಪುರದಂಥ ದಡದ ಊರುಗಳಿಗೆ ನೀರು ನುಗ್ಗುತ್ತೆ. ಅವಸರದಲ್ಲಿ ಯಾರೂ ಕಾವಲಿ ಹೊತ್ಕೊಂಡು ಹೋಗಲ್ಲ. ನೀರು ಇಳಿದ ಮೇಲೆ ಕೆಂಪಗಾಗಿರೋದು ನೋಡಿ ಗುಜರಿಗೆ ಹಾಕ್ತಾರೆ. ಬಿರುಕಿಲ್ಲ ಅಂದ್ರೆ ಹಾಕಬೇಡಿ.

ಮೊದಲು ತೆಂಗಿನ ನಾರು, ಬೂದಿ ಹಾಕಿ ಉಜ್ಜಿ. ಹೋಗದಿದ್ರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ತೆಗೆದು ಉಜ್ಜಿ. ರಾತ್ರಿ ಪೂರ್ತಿ ಬಿಟ್ರೆ ಕಬ್ಬಿಣವನ್ನೇ ತಿನ್ನುತ್ತೆ. ತೊಳೆದು ತಕ್ಷಣ ಒಲೆ ಮೇಲೆ ಒಣಗಿಸಿ. ಬಟ್ಟೇಲಿ ಎಣ್ಣೆ ಸವರಿ, ಸವರಿದ್ದು ಕಾಣದಷ್ಟು ಒರೆಸಿ, ಸಣ್ಣಗೆ ಹೊಗೆ ಬರೋ ತನಕ ಕಾಯಿಸಿ ಆರಿಸಿ. ಹೀಗೆ ನಾಲ್ಕೈದು ಸಲ. ಎಣ್ಣೆ ಗಟ್ಟಿಯಾಗಿ ಕಬ್ಬಿಣಕ್ಕೆ ಪೊರೆಯಾಗಿ ಹಿಡಿಯುತ್ತೆ, ಅದನ್ನೇ ಪಳಗೋದು ಅನ್ನೋದು. ಕಾದ ಬೀಡಿಗೆ ತಣ್ಣೀರು ಹೊಯ್ಯಬೇಡಿ, ಸೀಳುತ್ತೆ. ಹುಳಿಸಾರು ಮಾಡಬೇಡಿ, ಪೊರೆ ಕಿತ್ತು ಬರುತ್ತೆ.

ಮುದ್ರೆ ಇಲ್ಲದ ಕಡೆ ಮಾತೇ ದಾಖಲೆ

ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು. ಒಂದೂರಿನ ಕಾವಲಿ ಸೇಲಂ, ಕೊಯಮತ್ತೂರು ಕಡೆಯಿಂದ ಬಂದಿರಬಹುದು, ಇನ್ನೊಂದೂರಿನದು ಮೈಸೂರು ಪೇಟೆಯಿಂದ. ಎರಡನ್ನೂ ಪಕ್ಕಪಕ್ಕ ಇಟ್ರೆ ಕಣ್ಣಿಗೆ ಗೊತ್ತಾಗಲ್ಲ. ‘ಇದು ನಮ್ಮತ್ತೆ ತಂದದ್ದು ಕನಪ್ಪ, ಇಂಥ ಸಂತೇಲಿ, ಇಂಥ ಮಗು ಹುಟ್ಟಿದ ವರ್ಷ’ ಅಂತ ಹೇಳೋ ಒಬ್ಬ ಅಜ್ಜಿಗೆ ಗೊತ್ತಿರುತ್ತೆ. ಕಾವಲಿ ತುಕ್ಕು ಹಿಡಿದ್ರೆ ಉಜ್ಜಬಹುದು. ಅಜ್ಜಿಯ ಆ ಮಾತು ಹೋದ್ರೆ ಮತ್ತೆ ಸಿಗಲ್ಲ.

ಹಾಗಾಗಿ ಈ ಭಾನುವಾರ ಒಂದು ಕೆಲಸ ಮಾಡಿ. ಅಟ್ಟ ಹತ್ತಿ ಇಳಿಸಿ. ಮೇಲೆ, ಕೆಳಗೆ, ಅಂಚು, ಹಿಡಿ ಅಂತ ನಾಲ್ಕು ಫೋಟೋ. ತೂಕ, ಅಗಲ ಬರೆದುಕೊಳ್ಳಿ. ಆಮೇಲೆ ಮನೆಯ ಹಿರಿಯರ ಪಕ್ಕ ಕೂತು ಫೋನಲ್ಲಿ ರೆಕಾರ್ಡ್ ಒತ್ತಿ, ನಾಲ್ಕು ಪ್ರಶ್ನೆ ಕೇಳಿ: ಯಾರು ತಂದ್ರು? ಎಲ್ಲಿಂದ? ಆಗ ಮನೇಲಿ ಯಾರ್ಯಾರು ಇದ್ರು? ಇದ್ರಲ್ಲಿ ಏನೇನು ಮಾಡ್ತಿದ್ರು? ಐದು ನಿಮಿಷದ ಆಡಿಯೋ ಸಾಕು. ಮಾರ್ತೀರೋ ಇಟ್ಕೊಳ್ತೀರೋ, ಅದು ಆಮೇಲಿನ ಮಾತು.