ಮೊಬೈಲು ಬ್ಯಾಟರಿಯ ಆಯುಷ್ಯ: ಎಷ್ಟು ನಿರೀಕ್ಷಿಸಬೇಕು?

ಬಸವಕಲ್ಯಾಣದಿಂದ ಹುಮನಾಬಾದಿನವರೆಗಿನ ಊರುಗಳಲ್ಲಿ ಭಕ್ತರ ಮನೆಗಳಿಗೆ ಹೋದಾಗ ಈಚಿನ ವರ್ಷಗಳಲ್ಲಿ ನಮ್ಮ ಕಿವಿಗೆ ಮತ್ತೆ ಮತ್ತೆ ಬೀಳುವ ದೂರೊಂದುಂಟು. "ಹೊಸದಾಗಿ ತಂದಾಗ ಮೊಬೈಲು ಎರಡು ದಿನ ಬರುತ್ತಿತ್ತು, ಈಗ ಊಟದ ಹೊತ್ತಿಗೆ ಅರ್ಧ, ದೀಪ ಹಚ್ಚುವ ಹೊತ್ತಿಗೆ ಖಾಲಿ" ಎಂಬುದೇ ಆ ದೂರು. ಇದರ ಬೆನ್ನಿಗೆ ಮೂರು ತೀರ್ಮಾನಗಳು ಹೊರಡುತ್ತವೆ. ಅಂಗಡಿಯವನು ಮೋಸ ಮಾಡಿದನೆಂದು ಹಿರಿಯರು ಹೇಳುತ್ತಾರೆ. ಸೊಸೆ ಧಾರಾವಾಹಿ ನೋಡಿ ನೋಡಿ ಕೆಡಿಸಿದಳೆಂದು ಅತ್ತೆ ಹೇಳುತ್ತಾರೆ. ಹೊಸ ಫೋನು ಕೊಡಿಸಿರೆಂದು ಮಕ್ಕಳು ಹೇಳುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಈ ಮೂರೂ ಸರಿಯಲ್ಲ.

ಇದು ಸಣ್ಣ ಸಂಗತಿಯೆಂದು ಕಡೆಗಣಿಸುವಂತಿಲ್ಲ. ಮಗನು ಪುಣೆಯಲ್ಲಿಯೋ ಮಗಳು ಹೈದರಾಬಾದಿನಲ್ಲಿಯೋ ಇರುವಾಗ, ಊರಿನಲ್ಲಿ ಉಳಿದ ತಂದೆತಾಯಿಗಳಿಗೆ ಮೊಬೈಲೇ ಆಸರೆ. ಪಿಂಚಣಿ ಜಮೆಯಾದ ಸಂದೇಶ, ಬ್ಯಾಂಕಿನ ಒಟಿಪಿ, ರಾತ್ರಿ ಎದೆನೋವು ಬಂದರೆ ಆಂಬುಲೆನ್ಸಿಗೆ ಮಾಡುವ ಕರೆ, ಎಲ್ಲವೂ ಅದರಿಂದಲೇ. ಅಂತಹ ವಸ್ತುವಿನ ಸ್ವಭಾವವನ್ನು ಅರಿಯದಿದ್ದರೆ ಹಣವೂ ಹೋಗುತ್ತದೆ, ಮನೆಯ ನೆಮ್ಮದಿಯೂ ಕೆಡುತ್ತದೆ. ಆದುದರಿಂದ ಬ್ಯಾಟರಿಯಿಂದ ನಾವು ನ್ಯಾಯವಾಗಿ ಎಷ್ಟನ್ನು ನಿರೀಕ್ಷಿಸಬಹುದೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಒಳಗೆ ನಡೆಯುವುದೇನು?

ಇಂದಿನ ಮೊಬೈಲುಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಇದರ ಬುನಾದಿಯನ್ನು ಹಾಕಿದರು. 1980ರಲ್ಲಿ ಜಾನ್ ಗುಡ್‌ಇನಫ್ ಅದಕ್ಕೆ ಶಕ್ತಿಯನ್ನು ತುಂಬಿದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಅದನ್ನು ಸುರಕ್ಷಿತ ಬಳಕೆಗೆ ತಕ್ಕ ರೂಪಕ್ಕೆ ತಂದರು. 1991ರಲ್ಲಿ ಸೋನಿ ಕಂಪನಿಯು ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಈ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಆಗ ಗುಡ್‌ಇನಫ್ ಅವರ ವಯಸ್ಸು 97.

ಬ್ಯಾಟರಿಯಲ್ಲಿ ಎರಡು ಬದಿಗಳಿವೆ. ಚಾರ್ಜಿಗೆ ಹಚ್ಚಿದಾಗ ಲಿಥಿಯಂ ಕಣಗಳು ಒಂದು ಬದಿಯಿಂದ ಹೊರಟು ಇನ್ನೊಂದು ಬದಿಯ ಗ್ರಾಫೈಟಿನ ಪದರಗಳಲ್ಲಿ ಸೇರಿಕೊಳ್ಳುತ್ತವೆ. ಫೋನು ಬಳಸುವಾಗ ಅವು ಮರಳಿ ತಮ್ಮ ಸ್ಥಾನಕ್ಕೆ ಬರುತ್ತವೆ. ಆ ಮರುಪಯಣದಲ್ಲಿಯೇ ನಮಗೆ ವಿದ್ಯುತ್ತು ದೊರಕುತ್ತದೆ. ಆದರೆ ಪ್ರತಿ ಸಲ ಹೋಗಿಬರುವಾಗ ಅತ್ಯಲ್ಪ ಪ್ರಮಾಣದ ಲಿಥಿಯಂ ಗ್ರಾಫೈಟಿನ ಮೇಲೆ ತೆಳುವಾದ ಪೊರೆಯಾಗಿ ಕಟ್ಟಿಕೊಂಡು ಅಲ್ಲಿಯೇ ಉಳಿದುಬಿಡುತ್ತದೆ. ಹಾಗೆ ಸಿಕ್ಕಿಬಿದ್ದುದು ಮುಂದೆ ಕೆಲಸಕ್ಕೆ ಬಾರದು. ಇದು ಕಂಪನಿಯ ಮೋಸವೂ ಅಲ್ಲ, ಬಳಸುವವರ ತಪ್ಪೂ ಅಲ್ಲ; ಆ ದ್ರವ್ಯದ ಗುಣವೇ ಹಾಗೆ.

ಇದನ್ನು ತಿಳಿಯಲು ಕೆರೆಯ ಉದಾಹರಣೆ ಸಾಕು. ವರ್ಷ ವರ್ಷವೂ ಮಳೆಯ ನೀರಿನೊಡನೆ ಹೂಳು ಬಂದು ಕೆರೆಯ ತಳದಲ್ಲಿ ಕೂಡುತ್ತದೆ. ಇಪ್ಪತ್ತು ವರ್ಷಗಳ ತರುವಾಯವೂ ಮಳೆಗಾಲದಲ್ಲಿ ಕೆರೆ ಕೋಡಿ ಬೀಳುತ್ತದೆ. ನೋಡುವವರಿಗೆ ತುಂಬಿದ ಕೆರೆಯಾಗಿಯೇ ಕಾಣುತ್ತದೆ. ಆದರೆ ಬೇಸಿಗೆ ಬರುವ ಮೊದಲೇ ಬತ್ತುತ್ತದೆ. ಮೊಬೈಲಿನ ಪರದೆಯ ಮೇಲೆ ಕಾಣುವ ಶೇಕಡ 100 ಎಂಬುದೂ ಹೀಗೆಯೇ. ಅದು ಹೊಸ ಬ್ಯಾಟರಿಯ ನೂರಲ್ಲ. ಈಗ ಉಳಿದಿರುವ ಆಳದ ನೂರು. ಆದಕಾರಣವೇ "ರಾತ್ರಿ ಪೂರ್ತಿ ತುಂಬಿಸಿದ್ದೆ, ಸಂಜೆಗೆ ಹೇಗೆ ಖಾಲಿಯಾಯಿತು?" ಎಂಬ ಗೊಂದಲವು ಹುಟ್ಟುತ್ತದೆ. ವ್ಯತ್ಯಾಸವಿಷ್ಟೇ, ಕೆರೆಯ ಹೂಳನ್ನು ತೆಗೆಯಬಹುದು, ಬ್ಯಾಟರಿಯದನ್ನು ತೆಗೆಯಲು ಬಾರದು.

ಆವರ್ತನದ ಲೆಕ್ಕ

ಬ್ಯಾಟರಿಯ ಆಯುಷ್ಯವನ್ನು ವರ್ಷಗಳಿಗಿಂತ ಹೆಚ್ಚಾಗಿ ಆವರ್ತನಗಳಲ್ಲಿ ಎಣಿಸುತ್ತಾರೆ. ಒಟ್ಟು ಶೇಕಡ 100ರಷ್ಟು ಖರ್ಚಾದರೆ ಒಂದು ಆವರ್ತನ. ಇಂದು ಅರ್ಧ ಬಳಸಿ ತುಂಬಿಸಿ, ನಾಳೆ ಮತ್ತೆ ಅರ್ಧ ಬಳಸಿದರೆ ಎರಡೂ ಸೇರಿ ಒಂದು. ಎಷ್ಟು ಸಲ ಚಾರ್ಜಿಗೆ ಹಚ್ಚಿದಿರಿ ಎಂಬುದು ಇಲ್ಲಿ ಮುಖ್ಯವಲ್ಲ. ಎಷ್ಟು ಖರ್ಚು ಮಾಡಿದಿರಿ ಎಂಬುದು ಮುಖ್ಯ.

ಮೂಲ ಸಾಮರ್ಥ್ಯವು ಶೇಕಡ 80ಕ್ಕೆ ಇಳಿದಾಗ ಬ್ಯಾಟರಿಗೆ ಮುಪ್ಪು ಬಂದಿತೆಂದು ಭಾವಿಸುವುದು ರೂಢಿ. ಆ್ಯಪಲ್ ಕಂಪನಿಯು ತನ್ನ ಐಫೋನ್ 14 ಮತ್ತು ಅದಕ್ಕೂ ಹಿಂದಿನ ಫೋನುಗಳಿಗೆ 500 ಆವರ್ತನಗಳನ್ನೂ, ಐಫೋನ್ 15ರಿಂದ 1,000 ಆವರ್ತನಗಳನ್ನೂ ಈ ಗಡಿಯಾಗಿ ಹೇಳಿದೆ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಅಲ್ಲಿ ಮಾರುವ ಹೊಸ ಫೋನುಗಳ ಬ್ಯಾಟರಿಯು 800 ಆವರ್ತನಗಳ ನಂತರವೂ ಶೇಕಡ 80ರಷ್ಟನ್ನು ಉಳಿಸಿಕೊಂಡಿರಬೇಕು. ದಿನಕ್ಕೊಂದು ಆವರ್ತನದಂತೆ ಲೆಕ್ಕ ಹಾಕಿದರೆ 500 ಎಂದರೆ ಒಂದೂವರೆ ವರ್ಷಕ್ಕೂ ಕಡಿಮೆ. 800 ಎಂದರೆ ಎರಡು ವರ್ಷ ಎರಡು ತಿಂಗಳು. ದಿನಕ್ಕೆ ಅರ್ಧವನ್ನಷ್ಟೇ ಬಳಸುವ ಹಿರಿಯರಿಗೆ ಇದರ ಇಮ್ಮಡಿ ಬರಬಹುದು. ಆದರೆ ಬಳಸದಿದ್ದರೂ ಬ್ಯಾಟರಿಯು ತನ್ನಷ್ಟಕ್ಕೆ ತಾನು ನಿಧಾನವಾಗಿ ಸವೆಯುತ್ತದೆಂಬುದು ನೆನಪಿರಲಿ.

ಹೀಗಿರಲು, ಸಾಮಾನ್ಯ ಬಳಕೆಯ ಹೊಸ ಫೋನು ಬೆಳಗಿನಿಂದ ಮಲಗುವವರೆಗೆ ಬಂದರೆ ಅದು ತನ್ನ ಕೆಲಸವನ್ನು ಮಾಡಿದಂತೆಯೇ. ಜಾಹೀರಾತಿನಲ್ಲಿ ಹೇಳುವ ಎರಡು ದಿನಗಳ ಮಾತು ಪ್ರಯೋಗಾಲಯದ ಹಿತವಾದ ವಾತಾವರಣದ ಅಳತೆ. ಎರಡು-ಮೂರು ವರ್ಷಗಳಲ್ಲಿ ಐದನೆಯ ಒಂದು ಭಾಗ ಕುಂದುವುದು ಸಹಜವೆಂದು ಮೊದಲೇ ಎಣಿಸಿಕೊಂಡರೆ ಮನಸ್ಸಿಗೆ ಆಘಾತವಾಗದು.

ನಮ್ಮ ಸೀಮೆಯ ಬಿಸಿಲು

ಬ್ಯಾಟರಿಗೆ ಎಲ್ಲಕ್ಕಿಂತ ದೊಡ್ಡ ಶತ್ರು ಉಷ್ಣ. ಸುತ್ತಲಿನ ಗಾಳಿಯ ಉಷ್ಣತೆ 0ಯಿಂದ 35 ಡಿಗ್ರಿಯೊಳಗೆ ಇರುವಲ್ಲಿ ಫೋನನ್ನು ಬಳಸಬೇಕೆಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಬೀದರ ಜಿಲ್ಲೆಯ ಮಧ್ಯಾಹ್ನಗಳು 40 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ತಗಡಿನ ಮಾಡಿನ ಮನೆಯೊಳಗೆ ಧಗೆ ಇನ್ನೂ ಹೆಚ್ಚು. ತಂಪು ದೇಶದವರ ಅನುಭವವನ್ನು ನಮ್ಮ ಫೋನಿಗೆ ಅನ್ವಯಿಸಿದರೆ ಲೆಕ್ಕ ತಪ್ಪುವುದು ಇಲ್ಲಿಯೇ.

ಹೈದರಾಬಾದ್-ಸೊಲ್ಲಾಪುರ ಹೆದ್ದಾರಿಯಲ್ಲಿ ಲಾರಿ ಓಡಿಸುವ ನಮ್ಮ ಹುಡುಗರನ್ನು ಗಮನಿಸಿರಿ. ಮುಂದಿನ ಗಾಜಿನ ಬಳಿ, ನೆಟ್ಟ ಬಿಸಿಲಿಗೆ ಫೋನನ್ನು ನಿಲ್ಲಿಸಿ, ದಾರಿಯ ನಕ್ಷೆಯನ್ನು ತೆರೆದು, ಜೊತೆಗೆ ಚಾರ್ಜಿಗೂ ಹಚ್ಚಿರುತ್ತಾರೆ. ಬಿಸಿಲಿನ ಶಾಖ, ಪರದೆಯ ಶಾಖ, ಚಾರ್ಜಿನ ಶಾಖ ಮೂರೂ ಏಕಕಾಲಕ್ಕೆ ಬ್ಯಾಟರಿಯ ಮೇಲೆ ಬೀಳುತ್ತವೆ. ಹುಮನಾಬಾದಿನ ಧಾಬಾದ ಮುಂದೆ ಗಾಜು ಏರಿಸಿ ನಿಲ್ಲಿಸಿದ ವಾಹನದೊಳಗೆ ಉಷ್ಣತೆ 60 ಡಿಗ್ರಿಯನ್ನೂ ಮೀರಬಲ್ಲದು. ಅಲ್ಲಿ ಬಿಟ್ಟುಹೋದ ಫೋನು ಊಟ ಮುಗಿಯುವುದರೊಳಗೆ ಸುಡುವಂತಾಗಿರುತ್ತದೆ. ಅಂತಹ ದುಡಿಮೆಯ ಫೋನಿನ ಬ್ಯಾಟರಿ ಒಂದೂವರೆ ವರ್ಷಕ್ಕೆ ಸೋತರೆ ಆಶ್ಚರ್ಯಪಡಬೇಕಾಗಿಲ್ಲ.

ಉಪಾಯ ಕಠಿಣವಲ್ಲ. ಬೇಸಿಗೆಯಲ್ಲಿ ನಸುಕಿನಲ್ಲಿಯೋ ರಾತ್ರಿ ತಂಪಾದ ಮೇಲೆಯೋ ಚಾರ್ಜಿಗೆ ಹಚ್ಚಿರಿ. ದಪ್ಪನೆಯ ಕವಚವಿದ್ದರೆ ಆ ಹೊತ್ತಿನಲ್ಲಿ ತೆಗೆದಿಡಿ. ದಿಂಬಿನ ಕೆಳಗೆ, ಕೌದಿಯ ಮಡಿಕೆಯಲ್ಲಿ ಇಟ್ಟು ಚಾರ್ಜು ಮಾಡಬೇಡಿ. ಕಾದ ಫೋನನ್ನು ಫ್ರಿಜ್ಜಿನಲ್ಲಿ ಇಡುವವರೂ ಇದ್ದಾರೆ. ಅದರಿಂದ ಒಳಗೆ ನೀರಿನ ಹನಿ ಕಟ್ಟಿ ಬೇರೆಯೇ ಕೇಡಾಗುತ್ತದೆ. ನೆರಳಿನಲ್ಲಿ ಕಲ್ಲಿನ ನೆಲದ ಮೇಲಿಟ್ಟರೆ ಸಾಕು.

ಹಳೆಯ ಗುಂಡಿಯ ಫೋನು ವಾರ ಬರುತ್ತಿತ್ತಲ್ಲ?

ಇದು ಹಿರಿಯರ ನ್ಯಾಯವಾದ ಪ್ರಶ್ನೆ. ನೋಕಿಯಾದ ಗುಂಡಿಯ ಫೋನುಗಳಲ್ಲಿದ್ದ ಬಿಎಲ್-5ಸಿ ಎಂಬ ಬ್ಯಾಟರಿಯ ಶಕ್ತಿ ಸುಮಾರು 1,000 ಮಿಲಿಆಂಪ್-ಗಂಟೆ. ಇಂದಿನ ಸಾಮಾನ್ಯ ಫೋನಿನಲ್ಲಿ 5,000. ಹಗೇವು ಐದುಪಟ್ಟು ದೊಡ್ಡದಾಗಿದೆ, ಆದರೆ ಉಣ್ಣುವ ಬಾಯಿಗಳು ಅದಕ್ಕೂ ಮಿಗಿಲಾಗಿ ಹೆಚ್ಚಿವೆ. ಆ ಫೋನಿನಲ್ಲಿ ಅಂಗೈಗಿಂತ ಚಿಕ್ಕ ಪರದೆ, ಕರೆ ಮತ್ತು ಸಂದೇಶ ಮಾತ್ರ. ಇದರಲ್ಲಿ ಹೊಳೆಯುವ ದೊಡ್ಡ ಪರದೆ, ಚಲನಚಿತ್ರ, ನಕ್ಷೆ, ಹಗಲಿರುಳು ಎಡೆಬಿಡದ ಇಂಟರ್ನೆಟ್ಟು.

ಇನ್ನೊಂದು ಕಾರಣವು ಕಣ್ಣಿಗೆ ಕಾಣದು. ಟವರು ದೂರವಿದ್ದಷ್ಟೂ ಫೋನು ಹೆಚ್ಚು ಶಕ್ತಿಯನ್ನು ವ್ಯಯಿಸಿ ಸಂಕೇತವನ್ನು ಕಳಿಸಬೇಕಾಗುತ್ತದೆ. ಬಸವಕಲ್ಯಾಣದ ಗಡಿಯ ಹಳ್ಳಿಗಳಲ್ಲಿ, ಹೊಲದಲ್ಲಿ, ಅಥವಾ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಸಿಗ್ನಲ್ಲು ಕ್ಷೀಣವಾಗಿರುವಾಗ ಫೋನು ಜೇಬಿನಲ್ಲಿ ಸುಮ್ಮನಿದ್ದರೂ ಟವರನ್ನು ಹುಡುಕುತ್ತ ಬಳಲುತ್ತದೆ. ಆದುದರಿಂದ ಸಂಜೆಗೆ ಬ್ಯಾಟರಿ ಇಳಿದುದನ್ನು ಕಂಡೊಡನೆ ಸೊಸೆಯ ಧಾರಾವಾಹಿಯ ಮೇಲೆ ಅಪವಾದ ಹೊರಿಸುವ ಮುನ್ನ ಸಿಗ್ನಲ್ಲಿನ ಗೆರೆಗಳನ್ನು ಎಣಿಸುವುದು ಲೇಸು.

ಬಿಡಬೇಕಾದ ನಂಬಿಕೆಗಳು

ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜಿಗೆ ಹಚ್ಚಬೇಕೆಂಬುದು ಹಳೆಯ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಲಿಥಿಯಂ ಬ್ಯಾಟರಿಗೆ ಪದೇ ಪದೇ ಸೊನ್ನೆಗೆ ಇಳಿಯುವುದು ಹಿತವಲ್ಲ. 20ರಿಂದ 80ರ ನಡುವೆ ಇದ್ದರೆ ಅದಕ್ಕೆ ನೆಮ್ಮದಿ. ರಾತ್ರಿಯಿಡೀ ಹಚ್ಚಿದರೆ ಸಿಡಿಯುತ್ತದೆಂಬ ಭಯವೂ ಅತಿಯಾದುದು. ತುಂಬಿದೊಡನೆ ಫೋನು ತಾನೇ ಚಾರ್ಜನ್ನು ನಿಲ್ಲಿಸುತ್ತದೆ. ಆದರೂ ಬಿಸಿಯಲ್ಲಿ ನೂರರ ಮಟ್ಟದಲ್ಲಿಯೇ ಬಹುಹೊತ್ತು ಇರುವುದರಿಂದ ಸವೆತ ಹೆಚ್ಚಾಗುವುದು ನಿಜ. ಅನೇಕ ಹೊಸ ಫೋನುಗಳಲ್ಲಿ 80ಕ್ಕೆ ನಿಲ್ಲಿಸುವ ಅನುಕೂಲವಿದೆ. ಮನೆಯಲ್ಲಿಯೇ ಇರುವವರು ಅದನ್ನು ಬಳಸಬಹುದು.

ಕರೆಂಟು ಖರ್ಚಾದೀತೆಂದು ಚಾರ್ಜಿಗೆ ಹಚ್ಚಲು ಹಿಂಜರಿಯುವ ಅಜ್ಜಿಯರನ್ನೂ ನಾವು ಕಂಡಿದ್ದೇವೆ. 5,000 ಮಿಲಿಆಂಪ್-ಗಂಟೆಯ ಬ್ಯಾಟರಿಯಲ್ಲಿ ಹಿಡಿಯುವುದು ಹಳೆಯ 60 ವ್ಯಾಟಿನ ಬಲ್ಬು ಇಪ್ಪತ್ತು ನಿಮಿಷ ಉರಿಯುವಷ್ಟು ವಿದ್ಯುತ್ತು. ದಾರಿಯಲ್ಲಿ ಪೋಲಾಗುವುದನ್ನು ಸೇರಿಸಿದರೂ ಒಂದು ಯೂನಿಟ್ಟಿನಲ್ಲಿ ಸುಮಾರು ನಲವತ್ತು ಸಲ ತುಂಬಿಸಬಹುದು. ನಿತ್ಯವೂ ಪೂರ್ತಿ ತುಂಬಿಸಿದರೆ ವರ್ಷಕ್ಕೆ ಒಂಬತ್ತು-ಹತ್ತು ಯೂನಿಟ್ಟು. ಇದಕ್ಕಾಗಿ ಫೋನನ್ನು ಉಪವಾಸ ಕೆಡವಬೇಕಾಗಿಲ್ಲ.

ಫೋನು ಬದಲಿಸುವ ಮುನ್ನ

2017ರ ಡಿಸೆಂಬರಿನಲ್ಲಿ ಆ್ಯಪಲ್ ಕಂಪನಿಯು ಒಂದು ವಿಷಯವನ್ನು ಒಪ್ಪಿಕೊಂಡಿತು. ಬ್ಯಾಟರಿ ಹಳತಾದ ಐಫೋನುಗಳು ಹಠಾತ್ತನೆ ಆರಿಹೋಗದಂತೆ ಅವುಗಳ ವೇಗವನ್ನು ತಾನೇ ಕುಗ್ಗಿಸುತ್ತಿದ್ದೆನೆಂದು ಅದು ತಿಳಿಸಿತು. ಜನರು ಆಕ್ರೋಶಗೊಂಡ ಮೇಲೆ ಅಮೆರಿಕದಲ್ಲಿ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. ನಿಧಾನವಾದ ಫೋನು ಸತ್ತ ಫೋನಲ್ಲ, ಹೊಸ ಬ್ಯಾಟರಿಯಿಂದ ಅದು ಚೇತರಿಸಿಕೊಳ್ಳಬಲ್ಲದೆಂಬುದು ಲೋಕಕ್ಕೆ ತಿಳಿದದ್ದು ಆಗ.

ಈ ಪಾಠ ನಮ್ಮ ಮನೆಗಳಿಗೂ ಸಲ್ಲುತ್ತದೆ. ಸಾಧಾರಣ ಫೋನಿನ ಬ್ಯಾಟರಿ ಬದಲಿಸಲು ಒಂದೆರಡು ಸಾವಿರ ರೂಪಾಯಿ ಸಾಕಾಗುವಲ್ಲಿ ಹನ್ನೆರಡು-ಹದಿನೈದು ಸಾವಿರದ ಹೊಸ ಫೋನನ್ನು ಕಂತಿನ ಮೇಲೆ ತರುವುದು ವಿವೇಕವಲ್ಲ. ಪರದೆ ಚೆನ್ನಾಗಿದ್ದು, ಬ್ಯಾಂಕಿನ ಆ್ಯಪುಗಳು ನಡೆಯುತ್ತಿದ್ದರೆ ಬ್ಯಾಟರಿಯನ್ನಷ್ಟೇ ಬದಲಿಸಿರಿ. ಸಾಧ್ಯವಾದಷ್ಟೂ ಕಂಪನಿಯ ಅಧಿಕೃತ ಕೇಂದ್ರದಲ್ಲಿಯೇ ಮಾಡಿಸಿ ರಸೀದಿಯನ್ನು ಪಡೆಯಿರಿ. ಅಗ್ಗದ ನಕಲಿ ಬ್ಯಾಟರಿಯಿಂದ ಉಳಿಯುವ ನಾಲ್ಕುನೂರು ರೂಪಾಯಿ ಮನೆಯ ಸುರಕ್ಷತೆಗಿಂತ ದೊಡ್ಡದಲ್ಲ.

ಉಬ್ಬಿದರೆ ತಡಮಾಡಬಾರದು

ಮುಪ್ಪು ಸಹಜ, ಉಬ್ಬುವುದು ಅಪಾಯ. ಫೋನಿನ ಹಿಂಬದಿ ಮೇಲೆದ್ದರೆ, ಪರದೆಯ ಅಂಚು ಬಿಚ್ಚಿಕೊಂಡರೆ, ಮೇಜಿನ ಮೇಲಿಟ್ಟಾಗ ಫೋನು ಓಲಾಡಿದರೆ ಒಳಗೆ ಅನಿಲ ತುಂಬಿರುವ ಸಾಧ್ಯತೆಯಿದೆ. ಕೂಡಲೇ ಚಾರ್ಜು ಮಾಡುವುದನ್ನು ನಿಲ್ಲಿಸಿರಿ. ಒತ್ತಬೇಡಿ, ಚುಚ್ಚಬೇಡಿ, ಮಕ್ಕಳ ಕೈಗೆ ಕೊಡಬೇಡಿ. ದೊಡ್ಡ ಕಂಪನಿಗಳೂ ಈ ವಿಷಯದಲ್ಲಿ ಉದಾಸೀನ ಮಾಡುವಂತಿಲ್ಲ. 2007ರ ಆಗಸ್ಟಿನಲ್ಲಿ, ಚಾರ್ಜು ಮಾಡುವಾಗ ಅತಿಯಾಗಿ ಕಾಯುವ ದೋಷ ಕಂಡದ್ದರಿಂದ ಸುಮಾರು 4 ಕೋಟಿ 60 ಲಕ್ಷ ಬಿಎಲ್-5ಸಿ ಬ್ಯಾಟರಿಗಳನ್ನು ಉಚಿತವಾಗಿ ಬದಲಿಸಿಕೊಡುವುದಾಗಿ ನೋಕಿಯಾ ಸಾರಿತ್ತು.

ತೆಗೆದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯುವುದೂ ಒಲೆಗೆ ಹಾಕುವುದೂ ಸಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ಬದಲಿಸಿದ ಅಂಗಡಿಯಲ್ಲಿಯೇ ಹಳೆಯದನ್ನು ಒಪ್ಪಿಸಿರಿ.

ವಾಚಕರಲ್ಲಿ ನಮ್ಮದೊಂದು ವಿನಂತಿ. ಮನೆಯ ಹಿರಿಯರ ಫೋನನ್ನು ಈ ವಾರವೇ ಒಮ್ಮೆ ಕೈಗೆತ್ತಿಕೊಂಡು ನೋಡಿರಿ. ಎಷ್ಟು ವರ್ಷದ್ದು, ಸಂಜೆಗೆ ಎಷ್ಟು ಉಳಿಯುತ್ತದೆ, ಬೆನ್ನು ಉಬ್ಬಿದೆಯೇ ಎಂಬ ಮೂರನ್ನೂ ಪರೀಕ್ಷಿಸಿರಿ. ಮೂರು ವರ್ಷ ದುಡಿದಿದ್ದರೆ ಬ್ಯಾಟರಿ ಬದಲಿಸುವ ಹಣವನ್ನು ತೆಗೆದಿರಿಸಿರಿ. ಅಲ್ಲಿಯವರೆಗೆ ಅವರು ಮಲಗುವ ಮುನ್ನ ಫೋನಿನಲ್ಲಿ ಅರ್ಧಕ್ಕಿಂತ ಕಡಿಮೆಯಾಗದಷ್ಟು ಚಾರ್ಜು ಇರುವಂತೆ ನೋಡಿಕೊಳ್ಳಿರಿ. ನಡುರಾತ್ರಿ ಕರೆ ಮಾಡಬೇಕಾಗಿ ಬಂದರೆ ಅಷ್ಟು ಅವರಿಗೆ ಸಾಕು.